ಹೆಸರು ಕಾಣುತ್ತದೆ, ಕನೆಕ್ಟ್ ಆಗುವುದಿಲ್ಲ ಅಂದರೆ

ರೂಟರ್ ಬದಲಾಯಿಸಿದ ಮೇಲೆ ಅಮ್ಮನ ಆಂಡ್ರಾಯ್ಡ್ 8 ಫೋನಿಗೆ ಮಾತ್ರ ವೈಫೈ ಸಿಗುತ್ತಿಲ್ಲ, ಪಾಸ್‌ವರ್ಡ್ ಹಾಕಿದರೆ ‘ಸೇವ್ಡ್’ ಅಂತ ತೋರಿಸಿ ಸುಮ್ಮನಾಗುತ್ತದೆ ಅಂದಿದ್ದೀರಿ. ಮನೆಯ ಉಳಿದ ಫೋನುಗಳು ಚೆನ್ನಾಗಿವೆ ಅಲ್ವಾ? ಹಾಗಾದರೆ ಲೈನ್ ಸರಿಯಿದೆ. ಅಂಗಡಿಯವರು ಹೇಳಿದರು ಅಂತ ಸುಮ್ನೆ ಫ್ಯಾಕ್ಟರಿ ರಿಸೆಟ್ ಮಾಡಬೇಡಿ, ಫೋಟೋ ಎಲ್ಲ ಹೋಗುತ್ತವೆ.

ವೈಫೈ ಹೆಸರು ಕಾಣುತ್ತಿರುವುದರಿಂದ 5 ಗಿಗಾಹರ್ಟ್ಸ್ (ವೈಫೈ ಬರುವ ಎರಡು ಬ್ಯಾಂಡ್‌ಗಳಲ್ಲಿ ಒಂದು, ಇನ್ನೊಂದು 2.4) ತಕರಾರು ಇರಲಾರದು. 2.4 ಮಾತ್ರ ಹಿಡಿಯುವ ಫೋನಿಗೆ 5ರ ಹೆಸರೇ ಕಾಣುವುದಿಲ್ಲ. ನನಗೆ ಅನುಮಾನ ಸೆಕ್ಯುರಿಟಿ ಮೇಲೆ. ಹೊಸ ರೂಟರುಗಳಲ್ಲಿ ಡಬ್ಲ್ಯೂಪಿಎ3 ಅನ್ನುವ ಹೊಸ ಸೆಕ್ಯುರಿಟಿ ವಿಧಾನ ಇರುತ್ತದೆ, ಆಂಡ್ರಾಯ್ಡ್‌ಗೆ ಅದು ಬಂದಿದ್ದು 2019ರಲ್ಲಿ, ಆಂಡ್ರಾಯ್ಡ್ 10ರ ಜೊತೆ. ಅದೂ ಹಳೆಯ ಡಬ್ಲ್ಯೂಪಿಎ2ವೂ ಬೆರೆತ ಮೋಡ್ ಇದ್ದರೂ ಕೆಲವು ಹಳೆ ಫೋನುಗಳು ಮುನಿಸಿಕೊಳ್ಳುತ್ತವೆ.

ರೂಟರಿನ ಅಡಿಯ ಸ್ಟಿಕ್ಕರಿನಲ್ಲಿ 192.168.1.1 ಥರದ ವಿಳಾಸ, ಲಾಗಿನ್ ಇರುತ್ತವೆ. ಬೇರೆ ಫೋನಿನ ಬ್ರೌಸರಿನಲ್ಲಿ ಅದನ್ನು ತೆರೆದು, ವೈರ್‌ಲೆಸ್ ಸೆಕ್ಯುರಿಟಿಯಲ್ಲಿ 2.4ಕ್ಕೆ ‘ಡಬ್ಲ್ಯೂಪಿಎ2-ಪಿಎಸ್‌ಕೆ, ಎಇಎಸ್’ ಆರಿಸಿ ಸೇವ್ ಮಾಡಿ. ಎಲ್ಲರ ವೈಫೈ ಒಂದು ಗಳಿಗೆ ಹೋಗಿ ಬರುತ್ತದೆ, ಗಾಬರಿ ಬೇಡ. ಆಮೇಲೆ ಅಮ್ಮನ ಫೋನಿನಲ್ಲಿ ಆ ಹೆಸರನ್ನು ‘ಫರ್ಗೆಟ್’ ಮಾಡಿ, ಪಾಸ್‌ವರ್ಡ್ ಹೊಸದಾಗಿ ಹಾಕಿ. ದೊಡ್ಡಕ್ಷರ, ಚಿಕ್ಕಕ್ಷರ ನೋಡಿಕೊಳ್ಳಿ.

ಆಗಲಿಲ್ಲ ಅಂದರೆ ಆ ಸೆಕ್ಯುರಿಟಿ ಪುಟದ ಸ್ಕ್ರೀನ್‌ಶಾಟ್ ಹಾಕಿ, ಪಾಸ್‌ವರ್ಡ್ ಮುಚ್ಚಿ.