ಜೈಲು ಸಿಬ್ಬಂದಿ ಕಾನೂನಿನಲ್ಲಿ ಮೊದಲು ಏನನ್ನು ಕೇಳಬೇಕು?

ನಿಮ್ಮ ತಮ್ಮ ಹೊಸದಾಗಿ ಜೈಲು ಇಲಾಖೆಗೆ ವೀಕ್ಷಕರಾಗಿ, ಅಂದರೆ ವಾರ್ಡರ್ ಆಗಿ ಸೇರಿದ್ದಾರೆ. ಇಂಗ್ಲೆಂಡಿನ ಜೈಲು ನೌಕರರ ಯೂನಿಯನ್ ತನಗೆ ಬೇಕಾದ ಕಾನೂನುಗಳ ಪಟ್ಟಿಯನ್ನು ಸಂಸದರ ಮುಂದೆ ಇಡುತ್ತದೆ ಅಂತ ನೀವು ಓದಿದ್ದೀರಿ. ನಮ್ಮವರು ಅಂಥ ಪಟ್ಟಿ ಮಾಡಿದರೆ ಮೊದಲ ಸಾಲಿನಲ್ಲಿ ಏನಿರಬೇಕು ಅನ್ನೋದು ನಿಮ್ಮ ಪ್ರಶ್ನೆ.

ನಾನು ಶಿವಮೊಗ್ಗದಲ್ಲಿ ವಕೀಲ. ನನ್ನ ಅಣ್ಣ ಇದೇ ಇಲಾಖೆಯಲ್ಲಿ ಮುಖ್ಯ ವೀಕ್ಷಕರಾಗಿ ನಿವೃತ್ತರಾದವರು. ಅವರನ್ನು ನೋಡಿದವನಾಗಿ ಹೇಳುತ್ತೇನೆ, ಮೊದಲ ಸಾಲಿನಲ್ಲಿ ಸಂಬಳ ಬೇಡ. ಒಂದು ಪಾಳಿಯಲ್ಲಿ ಕನಿಷ್ಠ ಇಷ್ಟು ಜನ ಇರಲೇಬೇಕು ಎಂಬುದನ್ನು ಕಾಯ್ದೆಯಲ್ಲೇ ಬರೆಸಿ.

ಕೇಂದ್ರದ 2016ರ ಮಾದರಿ ಕಾರಾಗೃಹ ಕೈಪಿಡಿ ಆರು ಬಂದಿಗಳಿಗೆ ಒಬ್ಬ ಕಾವಲು ಸಿಬ್ಬಂದಿ ಇರಬೇಕು, ದಿನಕ್ಕೆ ಎಂಟು ಗಂಟೆಯ ಮೂರು ಪಾಳಿ ಇರಬೇಕು ಅನ್ನುತ್ತದೆ. ಕೇಳಲು ಚೆನ್ನಾಗಿದೆ, ಅಲ್ವಾ? ಲೆಕ್ಕ ಹಾಕಿ ನೋಡಿ. 600 ಬಂದಿಗಳಿರುವ ಜೈಲು ಅಂದುಕೊಳ್ಳಿ. ನೂರು ಜನ ಸಿಬ್ಬಂದಿ ಬೇಕು. ವಾರದ ರಜೆಯವರನ್ನು, ಬೇರೆ ರಜೆಯಲ್ಲಿರುವವರನ್ನು ಕಳೆದು ಮೂರು ಪಾಳಿಗೆ ಹಂಚಿದರೆ ಒಂದು ಹೊತ್ತಿಗೆ ಸಿಗುವುದು ಸುಮಾರು 25 ಜನ. ಇದು ಎಲ್ಲ ಹುದ್ದೆ ತುಂಬಿದಾಗಿನ ಮಾತು. ದೇಶದ ಜೈಲುಗಳಲ್ಲಿ ಸುಮಾರು 30 ಪ್ರತಿಶತ ಹುದ್ದೆ ಖಾಲಿ ಇವೆ. ಆ ಲೆಕ್ಕದಲ್ಲಿ ಪಾಳಿಗೆ 18 ಜನ ಉಳಿದರು. ಅವರಲ್ಲೇ ಗೇಟು, ಕಾವಲು ಗೋಪುರ, ಸಂದರ್ಶನ ಕೊಠಡಿ, ಅಡುಗೆಮನೆ ಎಲ್ಲಾ ಆಗಬೇಕು. ಬ್ಯಾರಕ್ಕಿನ ಹತ್ತಿರ ಎಷ್ಟು ಜನ ಉಳಿಯುತ್ತಾರೆ ನೀವೇ ಹೇಳಿ.

ಜನ ಕಡಿಮೆ ಆದಾಗ ಎಂಟು ಗಂಟೆಯ ಪಾಳಿ ಹನ್ನೆರಡು ಗಂಟೆ ಆಗುತ್ತದೆ. ರಜೆ ಚೀಟಿ ಮೇಜಿನ ಮೇಲೇ ಉಳಿಯುತ್ತದೆ. ನಮ್ಮ ಅಣ್ಣನಿಗೆ ಅಡಿಕೆ ಕೊಯ್ಲಿಗೂ ಊರಿಗೆ ಬರಲು ಆಗುತ್ತಿರಲಿಲ್ಲ, ಭೂಮಿ ಹುಣ್ಣಿಮೆಗೂ ಆಗುತ್ತಿರಲಿಲ್ಲ. ಮಳೆಗಾಲದ ರಾತ್ರಿ ಡ್ಯೂಟಿ ಮುಗಿಸಿ ಬಂದವರು ಮಧ್ಯಾಹ್ನಕ್ಕೆ ಮತ್ತೆ ಹೊರಡುತ್ತಿದ್ದರು. ಅತ್ತಿಗೆ ಅದರ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲ. ಅದು ನನಗೆ ಜಾಸ್ತಿ ನೋವು ಕೊಡುತ್ತಿತ್ತು. ನಿದ್ದೆಗೆಟ್ಟ ಮನುಷ್ಯನ ತಾಳ್ಮೆ ಬೇಗ ಮುಗಿಯುತ್ತದೆ. ಆಗ ಏಟು ತಿನ್ನುವವರು ಬಂದಿಗಳು. ಇಲ್ಲವೇ ತಿರುಗಿಬಿದ್ದ ಬಂದಿಗಳ ಕೈಯಲ್ಲಿ ಸಿಬ್ಬಂದಿ. ಎರಡನ್ನೂ ತಡೆಯಲು ಮೊದಲು ಪಾಳಿಯಲ್ಲಿ ಜನ ಇರಬೇಕು.

ಕೈಪಿಡಿ ಇರುವಾಗ ಕಾಯ್ದೆ ಯಾಕೆ ಅಂತ ಕೇಳಬಹುದು. ಮಾದರಿ ಕೈಪಿಡಿ ರಾಜ್ಯಗಳಿಗೆ ಸಲಹೆ ಅಷ್ಟೇ. ಅದನ್ನು ಹಿಡಿದು ನ್ಯಾಯಾಲಯಕ್ಕೆ ಹೋದರೆ ಹಣಕಾಸಿನ ಕಾರಣ ಮುಂದೆ ಬರುತ್ತದೆ. ಶಾಸನಸಭೆ ಒಪ್ಪಿದ ಕಾಯ್ದೆಯಲ್ಲಿ ಸಂಖ್ಯೆ ಇದ್ದರೆ ಆ ಮಾತು ಅಷ್ಟು ಸುಲಭಕ್ಕೆ ನಡೆಯುವುದಿಲ್ಲ. ಇನ್ನೊಂದು ವಿಷಯ, ಸಂವಿಧಾನದಲ್ಲಿ ಜೈಲು ರಾಜ್ಯಪಟ್ಟಿಯಲ್ಲಿದೆ. ಆದ್ದರಿಂದ ದೆಹಲಿಗೆ ಬರೆಯುವುದಕ್ಕಿಂತ ವಿಧಾನಸೌಧದ ಬಾಗಿಲು ತಟ್ಟಿ. ನಮ್ಮ ಕರ್ನಾಟಕ ಕಾರಾಗೃಹ ಕಾಯ್ದೆ 1963ರದ್ದು. ಕೇಂದ್ರ ಗೃಹ ಸಚಿವಾಲಯ 2023ರಲ್ಲಿ ಹೊಸ ಮಾದರಿ ಕಾಯ್ದೆಯನ್ನು ರಾಜ್ಯಗಳಿಗೆ ಕಳಿಸಿದೆ. ಹಳೇ ಕಾಯ್ದೆಯ ಬಗ್ಗೆ ಮಾತು ಎತ್ತಲು ಇದು ಒಳ್ಳೇ ಹೊತ್ತು.

ಎರಡನೇ ಸಾಲಿನಲ್ಲಿ, ಸಿಬ್ಬಂದಿಯ ದೂರು ಕೇಳುವ ಒಂದು ಸ್ವತಂತ್ರ ವ್ಯವಸ್ಥೆ ಇರಲಿ. 1947ರ ಕೈಗಾರಿಕಾ ವಿವಾದ ಕಾಯ್ದೆ ಜೈಲಿನ ನೌಕರರನ್ನು ಕಾರ್ಮಿಕರ ಪಟ್ಟಿಯಿಂದ ಹೆಸರು ಹಿಡಿದೇ ಹೊರಗಿಟ್ಟಿತ್ತು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಹಾಗೇ ಮಾಡಿದೆ. ಅಂದರೆ ಆ ಕಾನೂನಿನಡಿ ದೂರು ಕೊಡುವ ದಾರಿ ಅವರಿಗಿಲ್ಲ. ಮುಷ್ಕರದ ದಾರಿಯೂ ಇಲ್ಲ. ಸರ್ಕಾರಿ ನೌಕರರಿಗೆ ಮುಷ್ಕರದ ಹಕ್ಕಿಲ್ಲ ಅಂತ ಸುಪ್ರೀಂ ಕೋರ್ಟ್ 2003ರಲ್ಲಿ ತಮಿಳುನಾಡಿನ ಪ್ರಕರಣದಲ್ಲಿ ಹೇಳಿತು. 2016ರ ಜೂನ್ 4ರಂದು ನಮ್ಮ ಪೊಲೀಸರು ಸಾಮೂಹಿಕ ರಜೆಗೆ ಹೊರಟಾಗ ಎಸ್ಮಾ (ಅಗತ್ಯ ಸೇವೆಗಳಲ್ಲಿ ಮುಷ್ಕರ ತಡೆಯುವ ಕಾಯ್ದೆ) ಬಂತು, ನಾಯಕರ ಮೇಲೆ ದೇಶದ್ರೋಹದ ಕೇಸೂ ಬಿತ್ತು. ನಿಮ್ಮ ತಮ್ಮನಿಗೆ ಆ ದಾರಿ ಖಂಡಿತ ಬೇಡ ಅನ್ನಿ.

ಇಂಗ್ಲೆಂಡಿನಲ್ಲೂ 1994ರ ಕಾನೂನು ಜೈಲು ನೌಕರರ ಮುಷ್ಕರಕ್ಕೆ ತಡೆ ಹಾಕಿತು. ಆದರೆ 2001ರಿಂದ ಅವರ ಸಂಬಳವನ್ನು ನೋಡಲು ಒಂದು ಸ್ವತಂತ್ರ ಮಂಡಳಿ ಇದೆ. ಅದು ಹೇಳಿದ್ದೆಲ್ಲ ಜಾರಿಯಾಗಲೇಬೇಕು ಅಂತೇನಿಲ್ಲ. ಆದರೂ ಎರಡೂ ಕಡೆಯ ಮಾತು ಕೇಳಿ ಬರೆದಿಡುವ ಒಂದು ಜಾಗ ಇದೆ. ಮುಷ್ಕರ ಬೇಡ ಅನ್ನುವ ಸರ್ಕಾರ ಅಷ್ಟಾದರೂ ಕೊಡಬೇಕು. ಇದು ನ್ಯಾಯವಾದ ಬೇಡಿಕೆ.

ಹಲ್ಲೆಗೆ ಹೊಸ ಕಾನೂನು ಕೇಳಬೇಕು ಅಂತ ಕೆಲವರು ಹೇಳುತ್ತಾರೆ. ಇಂಗ್ಲೆಂಡಿನಲ್ಲಿ 2018ರಲ್ಲಿ ಅಂಥದ್ದು ಬಂದಿದೆ, ಜೈಲು ಸಿಬ್ಬಂದಿಯೂ ಅದರಲ್ಲಿ ಸೇರಿದ್ದಾರೆ. ನನಗೆ ಇದು ನಮ್ಮ ಪಟ್ಟಿಯಲ್ಲಿ ಕೆಳಗೇ ಇರಲಿ ಅನ್ನಿಸುತ್ತದೆ. ಕರ್ತವ್ಯದಲ್ಲಿರುವ ಸರ್ಕಾರಿ ನೌಕರನ ಮೇಲಿನ ಹಲ್ಲೆಗೆ ಭಾರತೀಯ ನ್ಯಾಯ ಸಂಹಿತೆಯ 121 ಮತ್ತು 132ನೇ ಕಲಂಗಳು ಆಗಲೇ ಇವೆ. ಏಟು ತಿಂದವರಿಗೆ ಚಿಕಿತ್ಸೆಯ ಖರ್ಚು ಮತ್ತು ಸಂಬಳ ಸಹಿತ ರಜೆ ಸಿಗುವ ಹಾಗೆ ಬರೆಸಿ, ಅದು ಜಾಸ್ತಿ ಉಪಯೋಗ. ಪಿಂಚಣಿಯ ವಿಷಯ, ಅಂದರೆ 2006ರ ಏಪ್ರಿಲ್ ನಂತರ ಸೇರಿದವರ ಎನ್‌ಪಿಎಸ್ (ಹೊಸ ಪಿಂಚಣಿ ಯೋಜನೆ) ಗೋಳು, ಎಲ್ಲ ಸರ್ಕಾರಿ ನೌಕರರದ್ದು. ಅದಕ್ಕೆ ದೊಡ್ಡ ಸಂಘ ಹೋರಾಡುತ್ತಿದೆ.

ಒಂದು ಮಾತು ಮರೆಯಬೇಡಿ. ದೇಶದ ಬಂದಿಗಳಲ್ಲಿ ಸುಮಾರು ನಾಲ್ಕರಲ್ಲಿ ಮೂವರು ವಿಚಾರಣಾಧೀನರು, ಅಂದರೆ ಕೇಸಿನ ತೀರ್ಪು ಇನ್ನೂ ಬಾರದವರು. ಬೇಲ್ ಸಿಕ್ಕಿಯೂ ಜಾಮೀನು ಕೊಡುವವರಿಲ್ಲದೆ ಒಳಗೇ ಉಳಿದವರನ್ನು ನಾನೇ ನೋಡಿದ್ದೇನೆ. ಹಳೇ ಸಿಆರ್ಪಿಸಿಯ ಬದಲು ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ ಪ್ರಕಾರ ಹಿಂದೆ ಯಾವ ಕೇಸಿನಲ್ಲೂ ಅಪರಾಧಿ ಎಂದು ತೀರ್ಪಾಗದವರನ್ನು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದ ಮೇಲೆ ಬಾಂಡ್ ಮೇಲೆ ಬಿಡಬೇಕು. ಜೀವಾವಧಿ ಅಥವಾ ಮರಣದಂಡನೆ ಬರುವಂಥ ಕೇಸುಗಳಿಗೆ ಇದಿಲ್ಲ, ಒಂದಕ್ಕಿಂತ ಹೆಚ್ಚು ಕೇಸು ಬಾಕಿ ಇರುವವರಿಗೂ ಇಲ್ಲ. ಇದು ಸರಿಯಾಗಿ ನಡೆಯಲಿ ಅಂತ ಸಿಬ್ಬಂದಿಯ ಸಂಘವೇ ಕೇಳಲಿ. ಬ್ಯಾರಕ್ಕಿನಲ್ಲಿ ನೂಕುನುಗ್ಗಲು ಕಡಿಮೆಯಾದರೆ ಪಾಳಿಯ ಹೊರೆಯೂ ಇಳಿಯುತ್ತದೆ.

ಇನ್ನು ನೀವು ಮಾಡಬಹುದಾದ ಕೆಲಸ. ನಿಮ್ಮ ತಮ್ಮ ಒಬ್ಬರೇ ಶಾಸಕರ ಮನೆಗೆ ಹೋಗುವುದು ಬೇಡ, ನಡತೆ ನಿಯಮದಡಿ ನೋಟಿಸ್ ಬರಬಹುದು. ಡ್ಯೂಟಿ ಪಟ್ಟಿಯ ಫೋಟೋ ತೆಗೆದು ಕಳಿಸುವುದಂತೂ ಬೇಡವೇ ಬೇಡ. ಮನವಿ ಸಂಘದ ಹೆಸರಲ್ಲಿ ಹೋಗಲಿ. ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು ಅಂತ ನೀವು ಮಾಹಿತಿ ಹಕ್ಕಿನಲ್ಲಿ ಕೇಳಿ. ಕಾವಲಿನ ವಿವರ ಕೇಳಿದರೆ ಭದ್ರತೆಯ ಕಾರಣ ಕೊಟ್ಟು ನಿರಾಕರಿಸಬಹುದು, ಆದ್ದರಿಂದ ಸಂಖ್ಯೆ ಮಾತ್ರ ಕೇಳಿ. ಉತ್ತರ ಬಂದ ಮೇಲೆ ಅದನ್ನು ಹಿಡಿದು ನಿಮ್ಮ ಶಾಸಕರಿಗೆ ಅಧಿವೇಶನದಲ್ಲಿ ಚುಕ್ಕೆ ಗುರುತಿಲ್ಲದ ಪ್ರಶ್ನೆ ಹಾಕಲು ಹೇಳಿ. ಅದಕ್ಕೆ ಗೃಹ ಸಚಿವರು ಲಿಖಿತ ಉತ್ತರ ಕೊಡಬೇಕಾಗುತ್ತದೆ. ಮಾಹಿತಿ ಹಕ್ಕಿನ ಅರ್ಜಿ ಬರೆಯಲು ತೊಂದರೆ ಆದರೆ ಕೆಳಗೆ ತಿಳಿಸಿ, ಕರಡು ಬರೆದುಕೊಡುತ್ತೇನೆ.