ಆಂಪ್ ಬಿಚ್ಚಿಸುವ ಮೊದಲು ವಾಲ್ಯೂಮ್ ತಿರುಗಿಸು

ಪ್ರಶ್ನೆ: ಸರ್, ಹೈದರಾಬಾದಿನಲ್ಲಿ ಸೆಕೆಂಡ್ ಹ್ಯಾಂಡ್ ಮಾರ್ಷಲ್ ಸ್ಟುಡಿಯೋ ವಿಂಟೇಜ್ ಗಿಟಾರ್ ಆಂಪ್ (ಆಂಪ್ಲಿಫೈಯರ್) ತಗೊಂಡೆ, 20 ವ್ಯಾಟ್. ವ್ಯಾನ್ ಹೇಲನ್ ಬ್ಯಾಂಡಿನ ಮೊದಲ ಆಲ್ಬಮ್‌ನ ಗಿಟಾರ್ ಟೋನ್ ಬೇಕು. ಆದರೆ ತೆಳ್ಳಗೆ, ಕಿವಿಗೆ ಚುಚ್ಚುವ ಹಾಗೆ ಬರುತ್ತದೆ. ಮನೆಯಲ್ಲಿ ವಾಲ್ಯೂಮ್ 2 ದಾಟುವ ಹಾಗಿಲ್ಲ. ಒಬ್ಬರು ಒಳಗೆ ಇನ್ನೊಂದು ಗೇನ್ ಹಂತ (ಸಿಗ್ನಲ್ ಇನ್ನಷ್ಟು ಹೆಚ್ಚಿಸುವ ಭಾಗ), ಮಾಸ್ಟರ್ ವಾಲ್ಯೂಮ್ ಹಾಕಲು 15 ಸಾವಿರ ಕೇಳುತ್ತಿದ್ದಾರೆ. ಮಾಡಿಸಲಾ? ವೋಲ್ಟೇಜ್ ಇಳಿಸಿದರೂ ಆ ಟೋನ್ ಬರುತ್ತದಂತೆ, ನಿಜವೇ?
– ಬೀದರ್‌ನ ಓದುಗ

ಉತ್ತರ: ತಮ್ಮಾ, ಆ 15 ಸಾವಿರ ಸದ್ಯ ಜೇಬಲ್ಲೇ ಇರಲಿ. ನಾನು ಕಲಬುರಗಿಯಲ್ಲಿ ವಾಲ್ವ್ ರೇಡಿಯೊ ರಿಪೇರಿ ಮಾಡುತ್ತಾ ಬೆಳೆದವನು. ಸೆಟ್ ಬಿಚ್ಚಿಸಲು ಜನರಿಗೆ ಯಾಕಿಷ್ಟು ಅವಸರವೋ!

1978ರ ಆ ಆಲ್ಬಮ್‌ನಲ್ಲಿರುವುದು 100 ವ್ಯಾಟ್‌ನ ಮಾರ್ಷಲ್ ಸೂಪರ್ ಲೀಡ್ ಆಂಪ್. ಅದು ಮಾಡ್ ಆಗಿದೆ, ಅಂದರೆ ಒಳಗಿನ ಸರ್ಕ್ಯೂಟ್ ಬದಲಾಯಿಸಿದ್ದಾರೆ ಎಂಬ ಮಾತು ಬಹಳ ಕಾಲ ಓಡಾಡಿತು. ಬಿಚ್ಚಿ ನೋಡಿದ ಟೆಕ್ನಿಷಿಯನ್‌ಗಳು ಹೇಳಿದ್ದು ಬೇರೆ: ಒಳಗಿರುವುದು ಹೆಚ್ಚೂಕಡಿಮೆ ಫ್ಯಾಕ್ಟರಿ ಸರ್ಕ್ಯೂಟೇ. ಬ್ಯಾಂಡಿನ ಗಿಟಾರಿಸ್ಟ್ ಎಡ್ಡಿ ವ್ಯಾನ್ ಹೇಲನ್ ಎಲ್ಲ ನಾಬ್‌ಗಳನ್ನೂ ಪೂರ್ತಿ ತಿರುಗಿಸಿಟ್ಟು, ವೇರಿಯಾಕ್‌ನಿಂದ ವೋಲ್ಟೇಜನ್ನು ಸುಮಾರು 90ಕ್ಕೆ ಇಳಿಸುತ್ತಿದ್ದರು. ಅಮೆರಿಕದ್ದು 120 ವೋಲ್ಟ್ ಕರೆಂಟು. ನಮ್ಮ 230ರ ಲೆಕ್ಕದಲ್ಲಿ ಅದು 175ರ ಆಸುಪಾಸು. ವೇರಿಯಾಕ್ ಅಂದರೆ ನಮ್ಮ ರಿಪೇರಿ ಟೇಬಲ್ ಮೇಲಿನ, ವೋಲ್ಟೇಜ್ ಏರಿಸಿ ಇಳಿಸುವ ಡಿಮ್ಮರ್‌ಸ್ಟಾಟೇ. ಬೇಸಿಗೆಯ ಸಂಜೆ ನಮ್ಮ ಕಡೆ ಅದಿಲ್ಲದೆಯೂ ವೋಲ್ಟೇಜ್ ಇಳಿಯುತ್ತದೆ ಬಿಡು. ಆದರೆ ನೀನು ಇದನ್ನು ಮಾಡಬೇಡ. ವಾಲ್ವ್‌ಗಳ ಹೀಟರ್‌ಗೂ ಕರೆಂಟು ಸಾಲದೆ ಹೋಗುತ್ತದೆ. ಕೈತಪ್ಪಿ 230 ದಾಟಿಸಿದರೆ ಆಂಪೇ ಸುಟ್ಟುಹೋಗಬಹುದು.

ನಿನ್ನ ಆಂಪ್ ಚುಚ್ಚುವುದಕ್ಕೆ ಕಾರಣ ಇದೆ. ಅದೂ ಆ ಸೂಪರ್ ಲೀಡ್ ಸರ್ಕ್ಯೂಟಿನದೇ ಸಣ್ಣ ರೂಪ. ಆ ಸರ್ಕ್ಯೂಟ್‌ನಲ್ಲಿ ಒಂದನೇ ವಾಲ್ಯೂಮ್‌ಗೆ ಬ್ರೈಟ್ ಕೆಪಾಸಿಟರ್ ಇರುತ್ತದೆ. ವಾಲ್ಯೂಮ್ ಕಡಿಮೆ ಇದ್ದಷ್ಟೂ ಅದು ಟ್ರೆಬಲ್ ಮಾತ್ರ ಜಾಸ್ತಿ ಬಿಡುತ್ತದೆ. ನಾಬ್ ಏರಿದ ಹಾಗೆ ಅದರ ಆಟ ಕಡಿಮೆ. ಆ ಹೊತ್ತಿಗೆ ಇಎಲ್34 ಪವರ್ ವಾಲ್ವ್, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್, ಸ್ಪೀಕರ್ ಎಲ್ಲವೂ ದುಡಿಯಲು ಶುರು ಮಾಡುತ್ತವೆ. ನೀನು ಹುಡುಕುತ್ತಿರುವ ದಪ್ಪ ಸದ್ದು ಅಲ್ಲಿಂದ ಬರುತ್ತದೆ.

ಇನ್ನೊಂದು ಗೇನ್ ಹಂತ ಹಾಕಿದರೆ ಸದ್ದು ಒಡೆಯುವುದು (ಡಿಸ್ಟಾರ್ಷನ್) ಮುಂದಿನ ಸಣ್ಣ ವಾಲ್ವ್‌ಗಳಲ್ಲಿ. ಅದು ಬೇರೆಯೇ ಸದ್ದು. ಕೆಟ್ಟದ್ದು ಅನ್ನುತ್ತಿಲ್ಲ. 1987ರ ಗನ್ಸ್ ಎನ್ ರೋಸಸ್ ಬ್ಯಾಂಡಿನ ಆಲ್ಬಮ್‌ಗೆ ಗಿಟಾರಿಸ್ಟ್ ಸ್ಲ್ಯಾಶ್ ನುಡಿಸಿದ್ದು ಮಾಡ್ ಆದ ಮಾರ್ಷಲ್‌ನಲ್ಲೇ. ಆದರೆ ನೀನು ಕೇಳಿದ್ದು ಅದಲ್ಲ, ಅಲ್ವಾ?

ಹೀಗೆ ಮಾಡು. ಗಿಟಾರನ್ನು ಒಂದನೇ ಚಾನೆಲ್‌ಗೆ ಹಾಕಿ, ಗಿಡ್ಡ ಕೇಬಲ್‌ನಿಂದ ಎರಡನೆಯದಕ್ಕೂ ಸೇರಿಸು. ಎರಡನೇ ವಾಲ್ಯೂಮ್‌ನಿಂದ ಸದ್ದಿಗೆ ಮೈ ತುಂಬುತ್ತದೆ. ಬಾಸ್ ಕಡಿಮೆ ಇಡು. 5 ವ್ಯಾಟ್‌ಗೆ ಇಳಿಸುವ ಸ್ವಿಚ್ ಇದೆ, ಆದರೆ ಅದರಿಂದ ಇಳಿಯುವುದು 6 ಡೆಸಿಬೆಲ್ ಮಾತ್ರ. ನೆರೆಮನೆಯವರಿಗೆ ಸಾಲದು. ಆಂಪ್‌ಗೂ ಸ್ಪೀಕರ್‌ಗೂ ನಡುವೆ ಒಂದು ಅಟೆನ್ಯುಯೇಟರ್ (ಸ್ಪೀಕರ್‌ಗೆ ಹೋಗುವ ಪವರ್ ತಗ್ಗಿಸುವ ಪೆಟ್ಟಿಗೆ) ತಗೋ, ಆಂಪ್‌ಗೂ ಸ್ಪೀಕರ್‌ಗೂ ಓಮ್ಸ್ ಹೊಂದುತ್ತದೆಯೇ ನೋಡಿಕೊಂಡು. ಸ್ಪೀಕರ್ ಅಥವಾ ಲೋಡ್ ಇಲ್ಲದೆ ಎಂದೂ ಆನ್ ಮಾಡಬೇಡ, ಟ್ರಾನ್ಸ್‌ಫಾರ್ಮರ್ ಹೋಗುತ್ತದೆ. ಸ್ಪೀಕರ್ ಕ್ಯಾಬಿನೆಟ್ ಸಣ್ಣದಾಗಿದ್ದರೆ ಮೊದಲು ಅದಕ್ಕೇ ದುಡ್ಡು ಹಾಕು. 25 ವ್ಯಾಟ್‌ನ ಎರಡು 12 ಇಂಚಿನ ಗ್ರೀನ್‌ಬ್ಯಾಕ್ ಸ್ಪೀಕರ್ ಇರಲಿ. ಒಂದೇ ಸಾಕು ಅನ್ನಬೇಡ, ಫುಲ್ ಇಟ್ಟಾಗ 20 ವ್ಯಾಟ್ ಆಂಪ್ 25ಕ್ಕಿಂತ ಜಾಸ್ತಿ ಬಿಡಬಹುದು.

ಇಷ್ಟಾದ ಮೇಲೂ ಚುಚ್ಚಿದರೆ ಆ ಬ್ರೈಟ್ ಕೆಪಾಸಿಟರ್ ಒಂದನ್ನೇ ಸಣ್ಣದಕ್ಕೆ ಬದಲಾಯಿಸಬಹುದು. ಖರ್ಚು ಸುಮ್ನೆ ಏನೋ ಒಂದಿಷ್ಟು. ಹಳೆಯದನ್ನು ಡಬ್ಬಿಯಲ್ಲಿ ಇಟ್ಟುಕೋ, ಮಾರುವಾಗ ಬೇಕಾಗುತ್ತದೆ. ಆದರೆ ಕೆಲಸ ವಾಲ್ವ್ ಸೆಟ್ ಬಲ್ಲವರಿಂದಲೇ ಆಗಲಿ. ಪ್ಲಗ್ ಕಿತ್ತ ಮೇಲೂ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ ನೂರಾರು ವೋಲ್ಟ್ ಕೂತಿರುತ್ತದೆ.