ಡ್ರಿಪ್ ಹಾಕುವ ಮುಂಚೆ ರಕ್ತ ತೆಗೆಯುವುದು ಯಾಕೆ?

ಪ್ರಶ್ನೆ: ನಮ್ಮದು ಶಿಡ್ಲಘಟ್ಟದ ಹತ್ತಿರ ಒಂದು ಹಳ್ಳಿ, ರೇಷ್ಮೆ ಹುಳು ಸಾಕುತ್ತೇವೆ. ಐದು ವರ್ಷದ ಮಗಳಿಗೆ ಮೊಣಕಾಲಿನ ಹತ್ತಿರ ಮೂಳೆಯಲ್ಲಿ ಕೀವಾಗಿ ಆಸ್ಪತ್ರೆಗೆ ಸೇರಿಸಿದ್ದೇವೆ. ಆರು ಗಂಟೆಗೊಮ್ಮೆ ವ್ಯಾಂಕೋಮೈಸಿನ್ ಅನ್ನೋ ಆ್ಯಂಟಿಬಯೋಟಿಕ್ ಡ್ರಿಪ್ ಹಾಕುತ್ತಾರೆ. ಅದರ 'ಲೆವೆಲ್' ನೋಡಬೇಕು ಅಂತ ರಕ್ತ ತೆಗೆದರು. ಮಾರನೆ ದಿನ, ಟೈಮ್ ತಪ್ಪಿತ್ತು ಅಂತ ಮತ್ತೆ ಚುಚ್ಚಿದರು. ಮಗು ಸೂಜಿ ಕಂಡರೆ ಕಿರುಚುತ್ತಾಳೆ. ಇದು ನಿಜವಾಗಲೂ ಬೇಕಾ, ಇಲ್ಲ ಸುಮ್ನೆ ಬಿಲ್ಲು ಏರಿಸೋಕಾ?

ಉತ್ತರ (ಮಕ್ಕಳ ತಜ್ಞರಿಂದ): ಬೇಕಮ್ಮ. ಆದರೆ ಎರಡನೇ ಸಲ ಚುಚ್ಚಿದ್ದಕ್ಕೆ ನಿಮಗೆ ಸಿಟ್ಟು ಬಂದದ್ದೂ ನ್ಯಾಯವೇ.

ಸಾಮಾನ್ಯವಾಗಿ ಕೊಡುವ ಅಮಾಕ್ಸಿಸಿಲಿನ್‌ಗೆ ಈ ಪರೀಕ್ಷೆ ಬೇಕಿಲ್ಲ. ಸ್ವಲ್ಪ ಹೆಚ್ಚುಕಮ್ಮಿ ಆದರೂ ನಡೆಯುತ್ತದೆ. ವ್ಯಾಂಕೋಮೈಸಿನ್, ಜೆಂಟಾಮೈಸಿನ್, ಅಮಿಕಾಸಿನ್ ಹಾಗಲ್ಲ. ಕಡಿಮೆಯಾದರೆ ಕ್ರಿಮಿ ಸಾಯುವುದಿಲ್ಲ, ಜಾಸ್ತಿಯಾದರೆ ಕಿಡ್ನಿಗೆ ಪೆಟ್ಟು. ಕೊನೆಯ ಎರಡರಲ್ಲಿ ಕಿವಿಗೂ ಭಯವಿದೆ. ಕಿಡ್ನಿ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತದೆ; ಹೋದ ಕಿವಿ ವಾಪಸ್ ಬರುವುದು ಕಷ್ಟ.

ತೂಕ ನೋಡಿಯೇ ಡೋಸ್ ಕೊಟ್ಟಿದ್ದಾರಲ್ಲ, ಮತ್ತೇನು ಅನ್ನಬಹುದು. ಕೆಜಿಗೆ 15 ಮಿಲಿಗ್ರಾಂ ಅಂದರೆ 15 ಕೆಜಿ ಮಗುವಿಗೆ ಒಂದು ಸಲಕ್ಕೆ 225 ಮಿಲಿಗ್ರಾಂ. ಲೆಕ್ಕ ಸರಿ. ಆದರೆ ಒಂದೇ ತೂಕದ ಇಬ್ಬರು ಮಕ್ಕಳ ಕಿಡ್ನಿ ಒಂದೇ ವೇಗದಲ್ಲಿ ಔಷಧಿ ಹೊರಹಾಕುವುದಿಲ್ಲ. ಹಸುಗೂಸಿನದ್ದು ನಿಧಾನ, ನಿಮ್ಮ ಮಗಳ ವಯಸ್ಸಿನವರದ್ದು ದೊಡ್ಡವರಿಗಿಂತ ಚುರುಕು. ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದ ಹುಳುವಿಗೆ ಎಷ್ಟು ಸೊಪ್ಪು ಹಾಕಿದರೂ ಸಾಲದು, ಅಲ್ವಾ? ಹಾಕಿದ್ದು ಸಾಕಾಯಿತೋ ಇಲ್ಲವೋ ಅಂತ ನೀವು ನೋಡುವುದು ಯಾವಾಗ? ಮತ್ತೆ ಸೊಪ್ಪು ಹಾಕುವ ಮುಂಚೆ, ತಟ್ಟೆಯಲ್ಲಿ ಉಳಿದದ್ದನ್ನು ನೋಡಿ. ನಾವೂ ಅಷ್ಟೇ. ಮುಂದಿನ ಡ್ರಿಪ್‌ಗೆ ಅರ್ಧ ಗಂಟೆ ಮುಂಚೆ ರಕ್ತ ತೆಗೆದು, ಉಳಿದಿರುವ ಔಷಧಿ ಅಳೆಯುತ್ತೇವೆ. ಅದಕ್ಕೆ ಟ್ರಫ್ ಅಂತ ಹೆಸರು. ಗಂಭೀರ ಸೋಂಕಿಗೆ ಅದು ಲೀಟರಿಗೆ 15ರಿಂದ 20 ಮಿಲಿಗ್ರಾಂ ಇರಬೇಕು ಅಂತ ಬಹಳ ವರ್ಷ ನಡೆಯಿತು. 2020ರ ಅಮೆರಿಕದ ಮಾರ್ಗಸೂಚಿ ಅದನ್ನು ಬಿಟ್ಟು, ಇಡೀ ದಿನ ಮೈಗೆ ಸಿಕ್ಕ ಔಷಧಿಯ ಲೆಕ್ಕ ಹಿಡಿಯಿರಿ ಅಂದಿತು. ಹಾಗಾಗಿ ಕೆಲವು ಕಡೆ ಬೇಕೆಂದೇ ಎರಡು ಸಲ ರಕ್ತ ತೆಗೆಯುತ್ತಾರೆ.

ಈಗ ಟೈಮ್ ತಪ್ಪಿದ ವಿಷಯ. ಬೆಳಗ್ಗೆ 6ಕ್ಕೆ ಡ್ರಿಪ್ ಶುರುವಾಗಿ 7ಕ್ಕೆ ಮುಗಿಯಿತು ಅನ್ನಿ. 11.30ಕ್ಕೆ ತೆಗೆಯಬೇಕಾದ ರಕ್ತವನ್ನು 7.30ಕ್ಕೇ ತೆಗೆದರೆ ಅಂಕಿ ವಿಪರೀತ ಜಾಸ್ತಿ ಬರುತ್ತದೆ. ಅದನ್ನು ನಂಬಿ ಡೋಸ್ ಇಳಿಸಿದರೆ ಕೀವು ಹಾಗೇ ಉಳಿಯುತ್ತದೆ. ಔಷಧಿ ಹೋದ ನಳಿಕೆಯಿಂದಲೇ ರಕ್ತ ಎಳೆದರೂ ಇದೇ ಎಡವಟ್ಟು. ಟೈಮ್ ಬರೆಯದ ರಿಪೋರ್ಟ್ ಬಂದರೆ ನಾನೂ ಪಕ್ಕಕ್ಕಿಡುತ್ತೇನೆ, ಮತ್ತೆ ಚುಚ್ಚುತ್ತೇನೆ.

ನೀವು ಒಂದು ಕೆಲಸ ಮಾಡಿ. ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಡ್ರಿಪ್ ಶುರುವಾದ, ಮುಗಿದ, ರಕ್ತ ತೆಗೆದ ಹೊತ್ತು ಬರೆದಿಡಿ. ಡ್ರಿಪ್ ತಡವಾದರೆ ಸಿಸ್ಟರ್‌ಗೆ ತೋರಿಸಿ. ಉಚ್ಚೆ ಕಡಿಮೆಯಾದರೆ ಕೂಡಲೇ ಹೇಳಿ. ನೋವಿಗೆ ಅಂತ ಐಬುಪ್ರೊಫೆನ್ ನೀವೇ ಕುಡಿಸಬೇಡಿ, ಎರಡೂ ಸೇರಿ ಕಿಡ್ನಿಗೆ ಭಾರ.

ಸೂಜಿಯ ಮಾತು. ಬೇಕಾಗುವುದು ಒಂದೆರಡು ಮಿಲಿ ರಕ್ತ. ಕಿಡ್ನಿಯ ಕ್ರಿಯೇಟಿನಿನ್ ಪರೀಕ್ಷೆಗೂ ಅದೇ ಚುಚ್ಚಿನಲ್ಲಿ ತೆಗೆಯಿರಿ ಅಂತ ಕೇಳಿ. ಚರ್ಮ ಮರಗಟ್ಟಿಸುವ ಕ್ರೀಮ್ ಇದೆ, ಆದರೆ ಒಂದು ಗಂಟೆ ಮುಂಚೆ ಹಚ್ಚಬೇಕು. 11.30ಕ್ಕೆ ರಕ್ತ ಅಂದರೆ 10.30ಕ್ಕೇ ನೆನಪಿಸಿ.